ಮೇಷ್ಟ್ರು ನ್ಯೆರೆರೆ

ಕೇಳುಗರೇ, ನಮಸ್ಕಾರ.

ಪೂರ್ವ ಆಫ್ರಿಕಾದ ತಾಂಜಾನಿಯಾದಲ್ಲಿ ಜನ ತಮ್ಮ ಮೊದಲ ರಾಷ್ಟ್ರಪತಿ ಜೂಲಿಯಸ್ ನ್ಯೆರೆರೆ ಅವರನ್ನು ಇಂದಿಗೂ 'ಮ್ವಾಲಿಮು' ಅಂತಲೇ ನೆನೆಯುತ್ತಾರೆ. ಸ್ವಾಹಿಲಿಯಲ್ಲಿ ಹಾಗೆಂದರೆ ಮೇಷ್ಟ್ರು. ಅದು ಬರೀ ಬಿರುದಲ್ಲ. ಅವರು ನಿಜವಾಗಿಯೂ ತರಗತಿಯಲ್ಲಿ ನಿಂತು ಪಾಠ ಹೇಳಿದವರು.

ಹುಟ್ಟಿದ್ದು 1922ರ ಏಪ್ರಿಲ್‌ನಲ್ಲಿ, ವಿಕ್ಟೋರಿಯಾ ಸರೋವರದ ಪೂರ್ವಕ್ಕಿರುವ ಬುಟಿಯಾಮ ಎಂಬ ಹಳ್ಳಿಯಲ್ಲಿ. ಅವತ್ತು ಮಳೆ ಹೊಯ್ಯುತ್ತಿತ್ತಂತೆ. ಅದಕ್ಕೇ ಮಳೆಯ ದೈವದ ಹೆಸರನ್ನೇ ಕೂಸಿಗೆ ಇಟ್ಟರು: ಕಂಬರಾಗೆ. ತಂದೆ ಜನಾಕಿ ಎಂಬ ಸಣ್ಣ ಬುಡಕಟ್ಟಿನ ಮುಖಂಡ. ಹುಡುಗ ಶಾಲೆಯ ಮೆಟ್ಟಿಲು ಹತ್ತಿದ್ದು 12ರ ವಯಸ್ಸಿನಲ್ಲಿ. ಅಷ್ಟು ತಡವಾಗಿ ಶುರುವಾದ ಓದು ತಬೋರ ಊರಿನ ಸರ್ಕಾರಿ ಶಾಲೆ, ಉಗಾಂಡದ ಮಕೆರೆರೆ ಕಾಲೇಜು ದಾಟಿ ಎಡಿನ್‌ಬರೋ ವಿಶ್ವವಿದ್ಯಾಲಯದವರೆಗೂ ನಡೆಯಿತು. 1952ರಲ್ಲಿ ಎಂ.ಎ. ಮುಗಿಸಿ ಬಂದು, ದಾರ್ ಎಸ್ ಸಲಾಮ್ ಹತ್ತಿರದ ಪುಗು ಶಾಲೆಯಲ್ಲಿ ಮೇಷ್ಟ್ರಾದರು.

ಆಗ ತಾಂಗನ್ಯಿಕ, ಅಂದರೆ ಇಂದಿನ ತಾಂಜಾನಿಯಾದ ಮುಖ್ಯ ಭೂಭಾಗ, ವಿಶ್ವಸಂಸ್ಥೆಯ ಪಾಲನೆಗೆ ಸೇರಿದ ನಾಡು, ಆಳುತ್ತಿದ್ದವರು ಬ್ರಿಟಿಷರು. 1954ರ ಜುಲೈ 7ರಂದು ನ್ಯೆರೆರೆ ಮತ್ತು ಸಂಗಡಿಗರು 'ಟಾನು', ಅಂದರೆ 'ತಾಂಗನ್ಯಿಕ ಆಫ್ರಿಕನ್ ನ್ಯಾಷನಲ್ ಯೂನಿಯನ್' ಪಕ್ಷ ಕಟ್ಟಿದರು. ಮರುವರ್ಷ ಅವರು ನ್ಯೂಯಾರ್ಕಿಗೆ ಹೋಗಿ, ವಿಶ್ವಸಂಸ್ಥೆಯ ಮುಂದೆ ತಮ್ಮ ನಾಡಿನ ಅಹವಾಲು ಹೇಳಿಕೊಂಡರು. ತಿರುಗಿ ಬಂದಾಗ ಎದುರಾದ ಪ್ರಶ್ನೆ ಒಂದೇ: ಪಾಠವೋ, ರಾಜಕೀಯವೋ? ಮೇಷ್ಟ್ರು ರಾಜೀನಾಮೆ ಬರೆದುಕೊಟ್ಟರು. ಮದುವೆಯಾಗಿ ಆಗಿನ್ನೂ ಎರಡು ವರ್ಷ ಕಳೆದಿತ್ತಷ್ಟೆ. ಇದ್ದೊಂದು ಸಂಬಳ ಬಿಟ್ಟು ಸಂಸಾರ ಕಟ್ಟಿಕೊಂಡು ಊರಿಗೆ ಹೊರಟ ಆ ದಿನಗಳನ್ನು ನೆನೆದರೆ ನನಗೆ ಇವತ್ತಿಗೂ ಮನಸ್ಸು ತುಂಬಿ ಬರುತ್ತದೆ.

ಅವರ ಮುತ್ಸದ್ದಿತನಕ್ಕೆ ದೊಡ್ಡ ಪರೀಕ್ಷೆ ಬಂದದ್ದು 1958ರ ಜನವರಿಯಲ್ಲಿ, ಅದೂ ಅವರು ಓದಿದ, ಪಾಠವನ್ನೂ ಹೇಳಿದ ತಬೋರದಲ್ಲೇ ಸೇರಿದ ಪಕ್ಷದ ಸಭೆಯಲ್ಲಿ. ಬ್ರಿಟಿಷರು ಚುನಾವಣೆಗೆ ವಿಚಿತ್ರ ನಿಯಮ ಹಾಕಿದ್ದರು. ಪ್ರತಿ ಮತದಾರ ಮೂರು ಮತ ಹಾಕಲೇಬೇಕು: ಒಬ್ಬ ಆಫ್ರಿಕನ್, ಒಬ್ಬ ಯುರೋಪಿಯನ್, ಒಬ್ಬ ಏಷ್ಯನ್. ನಾಡಿನ ತುಂಬ ಇದ್ದವರು ಆಫ್ರಿಕನ್ನರು. ಸ್ಥಾನ ಮಾತ್ರ ಮೂವರಿಗೂ ಸಮ! ಬಹಿಷ್ಕಾರವೇ ಸರಿ ಎಂದು ಪಕ್ಷದವರಲ್ಲಿ ಬಹಳ ಮಂದಿ ಸಿಡಿದೆದ್ದರು. ನ್ಯೆರೆರೆ ಒಪ್ಪಲಿಲ್ಲ. ಕಣದಲ್ಲಿ ನಿಲ್ಲೋಣ, ಮೂರು ಮತವನ್ನೂ ನಮ್ಮ ಬೆಂಬಲದವರಿಗೇ ಹಾಕಿಸೋಣ ಎಂದು ಅವರ ಮನವೊಲಿಸಿದರು. ಟಾನು ಬೆನ್ನಿಗೆ ನಿಂತ ಬಿಳಿಯರೂ ಏಷ್ಯನ್ನರೂ ಗೆದ್ದುಬಂದರು. ಬಣ್ಣ ನೋಡಿ ಒಡೆಯಲು ಹೂಡಿದ ನಿಯಮವೇ ಎಲ್ಲ ಬಣ್ಣದವರನ್ನೂ ಒಂದು ಪಕ್ಷದ ಹಿಂದೆ ತಂದು ನಿಲ್ಲಿಸಿತು.

1961ರ ಡಿಸೆಂಬರ್ 9ರಂದು ಸ್ವಾತಂತ್ರ್ಯ ಬಂತು, ನ್ಯೆರೆರೆ ಪ್ರಧಾನಿಯಾದರು. ಆರೇ ವಾರ! ಮತ್ತೆ ರಾಜೀನಾಮೆ. ಈ ಸಲ ಯಾರೂ ಕೇಳಿರಲಿಲ್ಲ. ಪಕ್ಷವನ್ನು ಹಳ್ಳಿಹಳ್ಳಿಯಲ್ಲಿ ಗಟ್ಟಿಮಾಡಬೇಕೆಂದು ಕುರ್ಚಿಯನ್ನು ಪಕ್ಷದ ಸಂಗಡಿಗ ರಶೀದಿ ಕವಾವ ಅವರಿಗೆ ಒಪ್ಪಿಸಿ ನಾಡು ಸುತ್ತಲು ಹೊರಟರು. ವರ್ಷದ ಕೊನೆಗೆ ಜನ ಅವರನ್ನು ರಾಷ್ಟ್ರಪತಿಯಾಗಿ ಆರಿಸಿ ಕರೆತಂದರು. ಅಷ್ಟು ಹೊಣೆಯ ನಡುವೆಯೂ ಮೇಷ್ಟ್ರು ಷೇಕ್ಸ್‌ಪಿಯರನ 'ಜೂಲಿಯಸ್ ಸೀಸರ್' ನಾಟಕವನ್ನು ಸ್ವಾಹಿಲಿಗೆ ತಂದರು. 1963ರಲ್ಲಿ ಅದು ಅಚ್ಚಾಯಿತು.

ನಮಸ್ಕಾರ.