ಒಂದು ‘ಆಗ’ದ ಬೆಲೆ: 1968ರ ಶಿಕಾಗೋ

ಸ್ನೇಹಿತರೆ,

1968ರ ಆಗಸ್ಟ್ ತಿಂಗಳ ಶಿಕಾಗೋ ಎಂದೊಡನೆ ನಮಗೆ ನೆನಪಾಗುವುದು ಮಿಷಿಗನ್ ಅವೆನ್ಯೂದ ಲಾಠಿ, ಅಶ್ರುವಾಯು, ಹಿಲ್ಟನ್ ಹೋಟೆಲಿನ ಮುಂದೆ ರಕ್ತ ಸುರಿಸುತ್ತ ಓಡಿದ ಹುಡುಗರು. ಆ ಚಿತ್ರಗಳನ್ನು ಎಲ್ಲರೂ ನೋಡಿದ್ದೀರಿ. ನಾನು ಮಾತಾಡಬೇಕೆಂದಿರುವುದು ಅದೇ ದಿನ ಡೆಮಾಕ್ರಟಿಕ್ ಪಕ್ಷದ ಸಭಾಂಗಣದೊಳಗೆ ನಡೆದ ಲೆಕ್ಕದ ಬಗ್ಗೆ. ವಿಯೆಟ್ನಾಂ ಯುದ್ಧ ಬೇಡ ಎಂದವರಿಗೆ ಮತಪೆಟ್ಟಿಗೆಯ ದಾರಿ ತೆರೆದಿತ್ತು, ಆ ದಾರಿ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಪಕ್ಷದ ಅಧಿವೇಶನದ ಬಾಗಿಲ ತನಕ ಹೋಗುತ್ತಲೇ ಇರಲಿಲ್ಲ. ಪಕ್ಷ ಒಡೆದದ್ದು ಅಲ್ಲಿ. ಹಾಗಾಗಿ ಯಾವ ಅಧಿವೇಶನದ ಮಾತು ಬಂದರೂ ನಾನು ಮೂರು ಪ್ರಶ್ನೆ ಹಾಕುತ್ತೇನೆ: ಪ್ರತಿನಿಧಿ ಯಾರು? ಅವನನ್ನು ಆರಿಸಿದ್ದು ಯಾರು? ಯಾವಾಗ?

ನ್ಯೂ ಹ್ಯಾಂಪ್‌ಶೈರಿನಿಂದ ಶುರು ಮಾಡೋಣ. ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ರಾಜ್ಯದ ಮತದಾರರೇ ಮತ ಹಾಕುವ ಚುನಾವಣೆಗೆ ಅಮೆರಿಕದಲ್ಲಿ ‘ಪ್ರೈಮರಿ’ ಎನ್ನುತ್ತಾರೆ. ಆ ರಾಜ್ಯದ ಪ್ರೈಮರಿ ಮಾರ್ಚ್ 12ಕ್ಕೆ. ದಕ್ಷಿಣ ವಿಯೆಟ್ನಾಂ ನಗರಗಳ ಮೇಲೆ ಕಮ್ಯುನಿಸ್ಟರ ಟೆಟ್ ದಾಳಿ ನಡೆದು ಆರು ವಾರ. ಅಧ್ಯಕ್ಷ ಜಾನ್ಸನ್ ಹೆಸರು ಮತಪತ್ರದಲ್ಲೇ ಇಲ್ಲ. ಬೆಂಬಲಿಗರು ಕೈಯಲ್ಲಿ ಬರೆಯಬೇಕು. ಹಾಗೆ ಬರೆದೇ ಅವರಿಗೆ ಸುಮಾರು ಶೇ. 49 ಮತ ಬಂತು. ಯುದ್ಧವಿರೋಧಿ ಸೆನೆಟರ್ ಯೂಜೀನ್ ಮೆಕಾರ್ಥಿಗೆ ಶೇ. 42. ಗೆದ್ದವರು ಜಾನ್ಸನ್. ಆದರೆ 24 ಪ್ರತಿನಿಧಿ ಸ್ಥಾನಗಳಲ್ಲಿ 20 ಮೆಕಾರ್ಥಿ ಕಡೆಗೆ ಹೋದವು! ಹೇಗೆ? ಪ್ರತಿನಿಧಿಗಳ ಚುನಾವಣೆ ಬೇರೆ ನಡೆಯುತ್ತಿತ್ತು. ಜಾನ್ಸನ್ ಬಣದಿಂದ ಇದ್ದ ಸ್ಥಾನಗಳಿಗಿಂತ ಬಹಳ ಹೆಚ್ಚು ಜನ ನಿಂತು ತಮ್ಮ ಮತವನ್ನು ತಾವೇ ಹಂಚಿಕೊಂಡರು. ಮೆಕಾರ್ಥಿ ಕಡೆಯವರು ಲೆಕ್ಕ ಹಾಕಿ 24 ಜನರನ್ನಷ್ಟೇ ನಿಲ್ಲಿಸಿದ್ದರು. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಮೆಕಾರ್ಥಿಗೆ ಬಂದದ್ದೆಲ್ಲ ಶಾಂತಿಯ ಮತ ಎಂದು ಓದಬೇಡಿ. ಜಾನ್ಸನ್ ಸಾಕಷ್ಟು ಬಿರುಸಾಗಿ ಯುದ್ಧ ಮಾಡುತ್ತಿಲ್ಲ ಎಂದು ಸಿಟ್ಟಾದವರೂ ಅದರಲ್ಲಿದ್ದರು. ಜನ ಯುದ್ಧದಿಂದ ಬೇಸತ್ತರೆ ಎಲ್ಲರೂ ಒಂದೇ ಕಾರಣಕ್ಕೆ ಬೇಸರಪಡುವುದಿಲ್ಲ.

ಮುಂದಿನದು ನಿಮಗೆ ಗೊತ್ತು. ಮಾರ್ಚ್ 16ಕ್ಕೆ ರಾಬರ್ಟ್ ಕೆನೆಡಿ ಕಣಕ್ಕಿಳಿದರು, 31ಕ್ಕೆ ಜಾನ್ಸನ್ ಹಿಂದೆ ಸರಿದರು, ಏಪ್ರಿಲ್ 4ಕ್ಕೆ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆ, ಜೂನ್ 6ಕ್ಕೆ ಕೆನೆಡಿ ಸಾವು. ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ ಏಪ್ರಿಲ್ ಕೊನೆಯಲ್ಲಿ ಉಮೇದುವಾರಿಕೆ ಸಾರಿದರು, ಒಂದು ಪ್ರೈಮರಿಯಲ್ಲೂ ಸ್ಪರ್ಧಿಸಲಿಲ್ಲ. ಸ್ಪರ್ಧಿಸಬೇಕಾದ ಅಗತ್ಯವೂ ಇರಲಿಲ್ಲ. ಹೆಚ್ಚಿನ ರಾಜ್ಯಗಳಲ್ಲಿ ಪ್ರತಿನಿಧಿಗಳನ್ನು ಆರಿಸುತ್ತಿದ್ದದ್ದು ಪಕ್ಷದ ಸಮಿತಿಗಳು, ಗವರ್ನರುಗಳು, ಮೇಯರುಗಳು. ಆಮೇಲೆ ಪಕ್ಷವೇ ನೇಮಿಸಿದ ಆಯೋಗ ಕಂಡುಕೊಂಡಂತೆ, ಮೂರನೇ ಒಂದಕ್ಕಿಂತ ಹೆಚ್ಚು ಪ್ರತಿನಿಧಿಗಳ ಆಯ್ಕೆ 1968 ಹುಟ್ಟುವ ಮೊದಲೇ ಹೆಚ್ಚುಕಡಿಮೆ ಮುಗಿದಿತ್ತು. ಟೆಟ್‌ಗೂ ಮೊದಲು, ಮೆಕಾರ್ಥಿಗೆ ಒಂದು ಮತವೂ ಬೀಳುವ ಮೊದಲು. ‘ಯಾವಾಗ’ ಎಂಬ ಪ್ರಶ್ನೆಗೆ ಇದು ಉತ್ತರ.

‘ಯಾರು’ ಎಂಬುದಕ್ಕೆ ಪೆನ್ಸಿಲ್ವೇನಿಯಾ ನೋಡಿ. ಪ್ರೈಮರಿಯಲ್ಲಿ ಮೆಕಾರ್ಥಿಗೆ ಶೇ. 70ಕ್ಕೂ ಹೆಚ್ಚು ಮತ. ಆ ಮತಕ್ಕೆ ಪ್ರತಿನಿಧಿಗಳನ್ನು ಕಟ್ಟಿಹಾಕುವ ಶಕ್ತಿ ಇರಲಿಲ್ಲ. ಅಧಿವೇಶನದಲ್ಲಿ ರಾಜ್ಯದ 130 ಮತಗಳಲ್ಲಿ 100ಕ್ಕೂ ಹೆಚ್ಚು ಹಂಫ್ರಿಗೆ ಬಿದ್ದವು. ಬೇಕಾದ 1312 ಮತಗಳ ಗಡಿಯನ್ನು ಹಂಫ್ರಿ ದಾಟಿದ್ದೂ ಅದೇ ಪೆನ್ಸಿಲ್ವೇನಿಯಾದ ಸರದಿಯಲ್ಲಿ. ಏಪ್ರಿಲ್‌ನಲ್ಲಿ ಸಾಲಿನಲ್ಲಿ ನಿಂತು ಮತ ಹಾಕಿದ ಒಬ್ಬ ಗಣಿ ಕಾರ್ಮಿಕನಿಗೆ ಆ ರಾತ್ರಿ ಟಿವಿ ಮುಂದೆ ಏನನ್ನಿಸಿರಬೇಕು, ಯೋಚಿಸಿ.

ಈಗ ನನ್ನ ‘ಆಗ’ಕ್ಕೆ ಬರುತ್ತೇನೆ. ಪ್ರಣಾಳಿಕೆಯಲ್ಲಿ ವಿಯೆಟ್ನಾಂ ಬಗ್ಗೆ ಏನು ಬರೆಯಬೇಕು ಎಂಬುದೇ ಜಗಳ. ವಿರೋಧಿ ಬಣದ ಕರಡು ನೇರವಾಗಿತ್ತು: ಉತ್ತರ ವಿಯೆಟ್ನಾಂ ಮೇಲಿನ ಬಾಂಬ್ ದಾಳಿಯನ್ನು ಷರತ್ತಿಲ್ಲದೆ ನಿಲ್ಲಿಸಿ. ಹಂಫ್ರಿ ನಡುವಿನ ದಾರಿ ಹುಡುಕಿದರು. ಅವರ ಕರಡಿನ ತಾತ್ಪರ್ಯ ಇಷ್ಟು: ದಾಳಿ ನಿಲ್ಲಿಸಿ, ಯಾವಾಗ, ಹೇಗೆ ಎನ್ನುವಾಗ ನಮ್ಮ ಸೈನಿಕರ ಸುರಕ್ಷತೆ ಮತ್ತು ಹನಾಯ್, ಅಂದರೆ ಉತ್ತರ ವಿಯೆಟ್ನಾಂ ಸರ್ಕಾರ, ಕೊಡಬಹುದಾದ ಉತ್ತರ ಗಮನದಲ್ಲಿರಲಿ. ವಿದೇಶಾಂಗ ಕಾರ್ಯದರ್ಶಿ ಡೀನ್ ರಸ್ಕ್ ಒಪ್ಪಿದ್ದರು. ಜಾನ್ಸನ್ ಒಪ್ಪಲಿಲ್ಲ. ಕೊನೆಗೆ ಅಂಗೀಕಾರವಾದದ್ದು: ಸೈನಿಕರ ಜೀವಕ್ಕೆ ಅಪಾಯವಿಲ್ಲ ಎಂದಾಗ, ಆಗ ನಿಲ್ಲಿಸಿ.

ಎರಡಕ್ಕೂ ಏನು ವ್ಯತ್ಯಾಸ ಅಂತೀರಾ? ಹಂಫ್ರಿ ಕರಡಿನಲ್ಲಿ ‘ನಿಲ್ಲಿಸಿ’ ಎಂಬುದು ತೀರ್ಮಾನ, ಉಳಿದದ್ದು ವಿಧಾನ. ಅಂಗೀಕಾರವಾದದ್ದರಲ್ಲಿ ಷರತ್ತೇ ಯಜಮಾನ. ಅಪಾಯವಿಲ್ಲ ಎಂದು ಹೇಳಬೇಕಾದವರು ಸೇನಾಪತಿಗಳು. ಯುದ್ಧಭೂಮಿಯಲ್ಲಿ ಐದು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಇಟ್ಟುಕೊಂಡ ಯಾವ ಸೇನಾಪತಿ ಹಾಗೆ ಹೇಳಿಯಾನು? ಕರಡಿನ ಜಗಳವನ್ನು ಪದಗಳ ಜಗಳ ಎಂದು ತಳ್ಳಿಹಾಕುವವರಿಗೆ ನಾನು ಈ ಎರಡು ವಾಕ್ಯಗಳನ್ನು ತೋರಿಸುತ್ತೇನೆ. ಆ ಒಂದೇ ವರ್ಷ ಅಲ್ಲಿ ಸತ್ತ ಅಮೆರಿಕನ್ ಸೈನಿಕರು 16 ಸಾವಿರಕ್ಕೂ ಹೆಚ್ಚು. ವಿಯೆಟ್ನಾಮಿಗಳ ಸಾವು ಅದಕ್ಕಿಂತ ಎಷ್ಟೋ ಪಟ್ಟು. ಕಡ್ಡಾಯ ಭರ್ತಿಗೆ ಹದಿನೆಂಟೂವರೆ ವರ್ಷವಾದರೆ ಸಾಕು, ಮತ ಹಾಕಲು ಹೆಚ್ಚಿನ ರಾಜ್ಯಗಳಲ್ಲಿ 21 ಆಗಬೇಕು. ಗ್ರೀನ್ ಕಾರ್ಡ್ ಪಡೆದ ಯುವಕರನ್ನೂ ಭರ್ತಿಗೆ ಕರೆಯಬಹುದಿತ್ತು, 1965ರ ವಲಸೆ ಕಾನೂನಿನ ನಂತರ ಅಲ್ಲಿಗೆ ಹೋದ ನಮ್ಮ ಹುಡುಗರೂ ಸೇರಿದಂತೆ. ಅವರಿಗೆ ಮತವೇ ಇರಲಿಲ್ಲ.

ಆಗಸ್ಟ್ 28, ಮತಗಣನೆ: ಬಹುಮತದ ಕರಡಿಗೆ 1567¾, ವಿರೋಧಿ ಬಣಕ್ಕೆ 1041¼. ಮುಕ್ಕಾಲು, ಕಾಲು ಎಲ್ಲಿಂದ ಬಂತು? ತಮಗಿದ್ದ ಮತಗಳಿಗಿಂತ ಹೆಚ್ಚು ಜನರನ್ನು ಕಳಿಸಿದ ರಾಜ್ಯಗಳು ಒಬ್ಬೊಬ್ಬರಿಗೆ ಅರ್ಧ, ಕಾಲು ಮತ ಹಂಚುತ್ತಿದ್ದವು. ಆದರೂ ಆ 1041ನ್ನು ಮರೆಯಬೇಡಿ: ಹತ್ತರಲ್ಲಿ ನಾಲ್ಕು ಭಾಗ ತಮ್ಮದೇ ಅಧ್ಯಕ್ಷನ ಯುದ್ಧದ ವಿರುದ್ಧ. ಸೋತವರು ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡರು. ಬೀದಿಯ ಲಾಠಿ ಪ್ರಹಾರ ಅದೇ ಸಂಜೆಯದು.

ಸಮಯವಾಯಿತೆಂದು ಚೀಟಿ ಬಂದಿದೆ. ಉಳಿದದ್ದನ್ನು ಓಡಿಸುತ್ತೇನೆ.

ಸೆಪ್ಟೆಂಬರ್ ಕೊನೆಗೆ ಹಂಫ್ರಿ ರಿಪಬ್ಲಿಕನ್ ಅಭ್ಯರ್ಥಿ ನಿಕ್ಸನ್‌ಗಿಂತ ಸುಮಾರು 15 ಅಂಶ ಹಿಂದೆ. ಸೆಪ್ಟೆಂಬರ್ 30ರಂದು ಸಾಲ್ಟ್ ಲೇಕ್ ಸಿಟಿಯಿಂದ ಟಿವಿಯಲ್ಲಿ ಮಾತಾಡಿದರು. ಮುಂದಿದ್ದ ಮೇಜಿನ ಮೇಲೆ ಉಪಾಧ್ಯಕ್ಷರ ಮುದ್ರೆ ಇರಲಿಲ್ಲ. ಶಾಂತಿಗಾಗಿ ಬಾಂಬ್ ದಾಳಿ ನಿಲ್ಲಿಸುವ ಅಪಾಯ ಒಪ್ಪಬಹುದಾದದ್ದು ಎಂದರು. ಅಂತರ ಕರಗತೊಡಗಿತು. ಮೆಕಾರ್ಥಿ ಹಂಫ್ರಿಗೆ ಬೆಂಬಲ ಸಾರಿದ್ದು ಅಕ್ಟೋಬರ್ 29ಕ್ಕೆ, ಮತದಾನಕ್ಕೆ ಏಳು ದಿನ ಬಾಕಿ ಇದ್ದಾಗ. ಫಲಿತಾಂಶ: ನಿಕ್ಸನ್ ಶೇ. 43.4, ಹಂಫ್ರಿ 42.7, ಮೂರನೇ ಅಭ್ಯರ್ಥಿ ವಾಲೇಸ್ 13.5. ಅಂತರ ಸುಮಾರು ಐದು ಲಕ್ಷ ಮತ. ಸಾಲ್ಟ್ ಲೇಕಿನ ಮಾತು ಆಗಸ್ಟ್‌ನಲ್ಲೇ ಪ್ರಣಾಳಿಕೆಯಲ್ಲಿ ಬಂದಿದ್ದರೆ ಹಂಫ್ರಿ ಗೆಲ್ಲುತ್ತಿದ್ದರು ಎಂದೇ ನನ್ನ ನಂಬಿಕೆ.

1969ರಲ್ಲಿ ಮೆಕ್‌ಗವರ್ನ್ ನೇತೃತ್ವದ ಆಯೋಗ ಪ್ರತಿನಿಧಿ ಆಯ್ಕೆಯ ನಿಯಮ ಬದಲಿಸಿತು. 1972ರಲ್ಲಿ ಅವರೇ ಅಭ್ಯರ್ಥಿಯಾಗಿ 49 ರಾಜ್ಯ ಸೋತರು. ಪಕ್ಷ ಹೆದರಿ, 1984ರಿಂದ ಪಕ್ಷದ ನಾಯಕರನ್ನೇ ಯಾರ ಮತಕ್ಕೂ ಬದ್ಧರಲ್ಲದ ‘ಸೂಪರ್ ಡೆಲಿಗೇಟ್’ಗಳಾಗಿ ತಂದಿತು. ಮತದಾರನ ನಂತರ ನಾಯಕ, ನಾಯಕನ ನಂತರ ಮತದಾರ, ಹೀಗೆ ತಕ್ಕಡಿ ಇನ್ನೂ ತೂಗುತ್ತಿದೆ.

2024ರ ಆಗಸ್ಟ್‌ನಲ್ಲಿ ಅದೇ ಪಕ್ಷ ಅದೇ ಶಿಕಾಗೋದಲ್ಲಿ ಸೇರಿತು. ಗಾಜಾ ಯುದ್ಧದ ಸಿಟ್ಟಿನಲ್ಲಿ ಮಿಷಿಗನ್ ರಾಜ್ಯ ಒಂದರಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಜನ ಪ್ರೈಮರಿಯಲ್ಲಿ ‘ಯಾರಿಗೂ ಬದ್ಧರಲ್ಲ’ ಎಂದು ಮತ ಹಾಕಿದ್ದರು. ಹಲವು ರಾಜ್ಯಗಳ ಅಂಥ ಮತಗಳಿಂದ ಸುಮಾರು 30 ಪ್ರತಿನಿಧಿಗಳು ಒಳಗೆ ಬಂದರು. ಪ್ಯಾಲೆಸ್ಟೀನ್ ಮೂಲದ ಒಬ್ಬ ಅಮೆರಿಕನ್ನರಿಗೆ ವೇದಿಕೆಯ ಮೇಲೆ ಕೆಲವು ನಿಮಿಷ ಕೊಡಿ ಎಂದು ಕೇಳಿದರು. ಕೊಡಲಿಲ್ಲ. ಅವರು ಹೊರಗೆ ಬಂದು ನೆಲದ ಮೇಲೆ ಕುಳಿತು ರಾತ್ರಿ ಕಳೆದರು.