ಹುಲಿ ಏಕೆ ‘ಅಕ್ಕ’ ಎಂದಿತು?

ನಮಸ್ಕಾರ. ಇವತ್ತಿನ ಮಾತನ್ನು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸುತ್ತೇನೆ. ಕನ್ನಡ ಮೇಷ್ಟರಾಗಿದ್ದ ಕಾಲದಲ್ಲಿ ನಾನು ಒಬ್ಬ ಹುಡುಗಿಯ ಮೂರು ಅಂಕಗಳನ್ನು ನುಂಗಿದ್ದೇನೆ.

ನಾಲ್ಕು ಅಂಕದ ಪ್ರಶ್ನೆ ಅದು. ‘ಗೋವಿನ ಹಾಡಿನ ಆಶಯವನ್ನು ನಿಮ್ಮ ಮಾತುಗಳಲ್ಲಿ ವಿವರಿಸಿರಿ.’ ತರಗತಿಯ ಉಳಿದ ಮಕ್ಕಳೆಲ್ಲ ಸತ್ಯಕ್ಕೆ ಜಯವಿದೆ, ಕೊಟ್ಟ ಮಾತಿಗೆ ತಪ್ಪಬಾರದು ಎಂದು ಬರೆದಿದ್ದರು. ‘ನಿಮ್ಮ ಮಾತುಗಳಲ್ಲಿ’ ಎಂದು ಕೇಳಿದ ಪ್ರಶ್ನೆಗೆ ಅಷ್ಟೂ ಜನ ನನ್ನ ಮಾತುಗಳಲ್ಲಿ ಉತ್ತರಿಸಿದ್ದರು. ನಾನೂ ಹಿಗ್ಗಿ ಪೂರ್ಣಾಂಕ ಕೊಟ್ಟಿದ್ದೆ. ಆ ಹುಡುಗಿ ಬರೆದದ್ದು ಒಂದೇ ಸಾಲು: ‘ಅಮ್ಮ ಸತ್ತರೆ ಕರುವನ್ನು ಯಾರು ನೋಡಿಕೊಳ್ಳುತ್ತಾರೆ ಎನ್ನುವುದೇ ಈ ಹಾಡು.’ ಕೆಂಪು ಶಾಯಿಯಲ್ಲಿ ‘ಕಥೆಯನ್ನು ಬರೆದಿದ್ದೀಯ, ಆಶಯವನ್ನಲ್ಲ’ ಎಂದು ಷರಾ ಬರೆದು ಒಂದು ಅಂಕ ಕೊಟ್ಟೆ. ಉದಾರಿ ನಾನು.

ಈಗ ಅನ್ನಿಸುತ್ತದೆ, ಆ ತರಗತಿಯಲ್ಲಿ ಪದ್ಯವನ್ನು ಓದಿದ್ದವಳು ಅವಳೊಬ್ಬಳೇ. ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ.

ನಾವು ಮೂರು ಪದಗಳನ್ನು ಕಲಸಿಬಿಟ್ಟಿದ್ದೇವೆ: ವಸ್ತು, ನೀತಿ, ಆಶಯ. ಪುಣ್ಯಕೋಟಿ ಎಂಬ ಹಸು ಹುಲಿಗೆ ಮಾತು ಕೊಟ್ಟು ಮರಳಿ ಬಂದದ್ದು ವಸ್ತು. ‘ಕೊಟ್ಟ ಮಾತಿಗೆ ತಪ್ಪಬೇಡ’ ಎಂಬುದು ನೀತಿ. ಅದನ್ನು ಹೇಳಲು ಹಾಡೇ ಬೇಕಾಗಿಲ್ಲ, ಶಾಲೆಯ ಗೋಡೆ ಸಾಕು. ಆಶಯ ಇವೆರಡೂ ಅಲ್ಲ. ಕೃತಿ ತನ್ನ ಸಾಲುಗಳನ್ನು ಯಾವುದರ ಮೇಲೆ ಖರ್ಚು ಮಾಡುತ್ತಿದೆ, ಯಾವ ಪ್ರಶ್ನೆಯ ಸುತ್ತ ಮತ್ತೆ ಮತ್ತೆ ಸುಳಿಯುತ್ತಿದೆ ಎಂಬುದರಲ್ಲಿ ಅದು ಇರುತ್ತದೆ. ಮನೆಯ ಯಜಮಾನ ತನಗೆ ಏನು ಮುಖ್ಯವೆಂದು ಬಾಯಲ್ಲಿ ಹೇಳುವುದು ಒಂದು, ತಿಂಗಳ ಕೊನೆಗೆ ಲೆಕ್ಕದ ಪುಸ್ತಕ ಹೇಳುವುದು ಇನ್ನೊಂದು. ಕೃತಿಯ ವಿಚಾರದಲ್ಲಿ ನಾನು ಲೆಕ್ಕದ ಪುಸ್ತಕವನ್ನು ನಂಬುತ್ತೇನೆ.

ಹಾಗಾದರೆ ಗೋವಿನ ಹಾಡಿನ ಲೆಕ್ಕ ತೆಗೆಯೋಣ. ಇದು ಜನಪದರ ಹಾಡು, ಪಾಠಾಂತರಗಳಿವೆ. ನಾನು ಕಲಿತ ಮತ್ತು ಕಲಿಸಿದ ಪಾಠವನ್ನೇ ಇಟ್ಟುಕೊಳ್ಳುತ್ತೇನೆ.

ಹಾಡು ಭೂಗೋಳದಿಂದ ಶುರುವಾಗುತ್ತದೆ. ಧರಣಿ ಮಂಡಲ, ಅದರ ಮಧ್ಯದಲ್ಲಿ ಕರ್ಣಾಟ ದೇಶ, ಅಲ್ಲಿ ಕಾಳಿಂಗನೆಂಬ ಗೊಲ್ಲ. ಅವನು ಹಸುಗಳನ್ನು ಕರೆಯುವುದನ್ನು ಕೇಳಿ. ‘ಗಂಗೆ ಬಾರೇ, ಗೌರಿ ಬಾರೇ, ತುಂಗಭದ್ರೆ ತಾಯಿ ಬಾರೇ.’ ಒಂದೊಂದಕ್ಕೂ ಹೆಸರಿದೆ, ಹೆಸರಿನ ಜೊತೆಗೆ ‘ತಾಯಿ’ ಇದೆ. ಸತ್ಯದ ಸುದ್ದಿ ಇನ್ನೂ ಬಂದಿಲ್ಲ, ಸಂಬಂಧದ ಸುದ್ದಿ ಆಗಲೇ ಬಂದಾಯಿತು. ಅತ್ತ ಬೆಟ್ಟದಲ್ಲಿ ಅರ್ಬುತನೆಂಬ ಹುಲಿ ಇದೆ. ಅದಕ್ಕೆ ಕರೆಯುವವರಿಲ್ಲ. ಹಸಿವೊಂದೇ ಅದರ ಬಳಗ.

ಪುಣ್ಯಕೋಟಿ ಒಂದು ಗಳಿಗೆ ಅವಕಾಶ ಬೇಡಿ ದೊಡ್ಡಿಗೆ ಬರುತ್ತಾಳೆ. ಇಲ್ಲಿ ಹಾಡು ನಿಧಾನವಾಗುತ್ತದೆ. ಕರು ಕೇಳುತ್ತದೆ: ‘ಯಾರ ಮೊಲೆಯನು ಕುಡಿಯಲಮ್ಮ, ಯಾರ ಬಳಿಯಲಿ ಮಲಗಲಮ್ಮ, ಯಾರ ಸೇರಿ ಬದುಕಲಮ್ಮ, ಆರು ನನಗೆ ಹಿತವರು?’ ನಾಲ್ಕು ಪಾದ, ನಾಲ್ಕು ‘ಯಾರು’. ಸತ್ಯ ದೊಡ್ಡದೋ ಪ್ರಾಣ ದೊಡ್ಡದೋ ಎಂಬ ಚರ್ಚೆ ಕರುವಿಗೆ ಬೇಕಾಗಿಲ್ಲ. ತನಗೆ ಇನ್ನು ಯಾರು ಎಂಬುದಷ್ಟೇ ಅದರ ಪ್ರಶ್ನೆ. ತಾಯಿ ಏನು ಮಾಡುತ್ತಾಳೆ? ಸತ್ಯದ ಮೇಲೆ ಪ್ರವಚನ ಕೊಡುತ್ತಾ ಕೂರುವುದಿಲ್ಲ, ಉಳಿದ ಹಸುಗಳ ಮುಂದೆ ಹೋಗಿ ನಿಲ್ಲುತ್ತಾಳೆ. ‘ಅಮ್ಮಗಳಿರಾ, ಅಕ್ಕಗಳಿರಾ, ಎನ್ನ ತಾಯೊಡಹುಟ್ಟುಗಳಿರಾ’ ಎಂದು ಕರೆದು, ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಎಂದು ಬೇಡಿಕೊಳ್ಳುತ್ತಾಳೆ. ತಬ್ಬಲಿ ಕರು ಪರರ ಕೆಚ್ಚಲಿಗೆ ಬಾಯಿ ಹಾಕಿದಾಗ ಏನಾಗುತ್ತದೆ ಎಂಬುದನ್ನು ಹಟ್ಟಿಯಲ್ಲಿ ಕಣ್ಣಾರೆ ಕಂಡವರು ಕಟ್ಟಿದ ಸಾಲು ಅದು.

‘ಒಡಹುಟ್ಟು’ ಎಂಬ ಆ ಪದವನ್ನು ಗಂಟು ಹಾಕಿಟ್ಟುಕೊಳ್ಳಿ.

ಈಗ ಎಲ್ಲರ ಬಾಯಲ್ಲೂ ಇರುವ ಸಾಲಿಗೆ ಬನ್ನಿ. ‘ಸತ್ಯವೇ ನಮ್ಮ ತಾಯಿ ತಂದೆ, ಸತ್ಯವೇ ನಮ್ಮ ಬಂಧು ಬಳಗ.’ ನಾನು ಎಷ್ಟೋ ವರ್ಷ ಇದರಲ್ಲಿ ‘ಸತ್ಯ’ ಎಂಬ ಪದವನ್ನಷ್ಟೇ ಕೇಳಿಸಿಕೊಂಡೆ. ಸಾಲಿನ ಉಳಿದ ಭಾಗದಲ್ಲಿ ಏನಿದೆ ನೋಡಿ: ತಾಯಿ, ತಂದೆ, ಬಂಧು, ಬಳಗ. ಸತ್ಯ ದೇವರು ಎನ್ನಬಹುದಿತ್ತು, ಬೆಳಕು ಎನ್ನಬಹುದಿತ್ತು. ಹಾಡು ಅದನ್ನು ನೆಂಟಸ್ತಿಕೆಯ ಪದಗಳಲ್ಲೇ ಅಳೆಯಿತು.

ಪುಣ್ಯಕೋಟಿ ಗವಿಯ ಬಾಗಿಲಿಗೆ ಬಂದು ‘ಖಂಡವಿದೆಕೋ, ಮಾಂಸವಿದೆಕೋ’ ಎನ್ನುತ್ತಾಳೆ. ಹುಲಿ ಕಣ್ಣೀರು ಸುರಿಸಿ ಹೇಳುತ್ತದೆ: ‘ಎನ್ನ ಒಡಹುಟ್ಟಕ್ಕ ನೀನು, ನಿನ್ನ ಕೊಂದು ಏನ ಪಡೆವೆನು?’

ಒಡಹುಟ್ಟಕ್ಕ! ದೊಡ್ಡಿಯಲ್ಲಿ ಹಸು ಹಸುಗಳಿಗೆ ಆಡಿದ ಪದ ಬೆಟ್ಟ ಹತ್ತಿ ಹುಲಿಯ ಬಾಯಿಗೆ ಬಂತು. ಹುಲಿ ‘ನೀನು ಸತ್ಯವಂತೆ’ ಎಂದು ಪ್ರಮಾಣಪತ್ರ ಕೊಟ್ಟು ಸುಮ್ಮನಾಗಲಿಲ್ಲ, ಅಕ್ಕ ಎಂದಿತು. ಮಾತಿಗೆ ತಪ್ಪದೆ ಬಂದವಳ ಜೊತೆಗೆ ನೆಂಟಸ್ತಿಕೆ ಹುಟ್ಟಿಬಿಟ್ಟಿತು. ಅಕ್ಕ ಎಂದ ಮೇಲೆ ತಿನ್ನುವ ಹಾಗಿಲ್ಲ. ಹುಲಿಯಾಗಿ ಹುಟ್ಟಿದ ಮೇಲೆ ತಿನ್ನದೆ ಬದುಕುವ ಹಾಗಿಲ್ಲ. ಅದು ಹಾರಿ ಪ್ರಾಣ ಬಿಟ್ಟಿತು. ‘ಸತ್ಯಕ್ಕೆ ಜಯ’ ಎಂದು ಬರೆದವರ ಉತ್ತರದಲ್ಲಿ ಈ ಹೆಣಕ್ಕೆ ಜಾಗವೇ ಇರುವುದಿಲ್ಲ. ಗೆದ್ದದ್ದು ಸತ್ಯವಾದರೆ, ಮನಸ್ಸು ಕರಗಿದ್ದಕ್ಕೆ ಹುಲಿ ಏಕೆ ಸಾಯಬೇಕಿತ್ತು? ನಮ್ಮವರು ಯಾರು, ಪರರು ನಮ್ಮವರಾದರೆ ಅದಕ್ಕೆ ತೆರಬೇಕಾದ ಬೆಲೆ ಏನು ಎಂದು ಓದಿದಾಗ ಮಾತ್ರ ಆ ಸಾವು ಪದ್ಯದ ಒಳಗೆ ಬರುತ್ತದೆ.

‘ಹೀಗೆ ಯಾರು ಏನು ಬೇಕಾದರೂ ಹೇಳಬಹುದಲ್ಲ ಮೇಷ್ಟ್ರೇ’ ಎಂದು ಕೆಲವರು ಕೇಳುತ್ತಾರೆ. ಇಲ್ಲ. ಒಬ್ಬ ಪರಿಚಿತರು ಇದು ವನ್ಯಜೀವಿ ಸಂರಕ್ಷಣೆಯ ಪದ್ಯ ಎಂದು ವಾದಿಸಿದರು. ಹುಲಿ ಬೆಟ್ಟದಿಂದ ಹಾರಿ ಸಾಯುವ ಪದ್ಯ ಅದು ಹೇಗಾಯಿತೋ, ಅವರೇ ಬಲ್ಲರು. ನನ್ನ ಕೇಳಿಕೆ ಇಷ್ಟೇ: ನೀವು ಹೇಳುವ ಆಶಯ ಎಷ್ಟು ಸಾಲುಗಳನ್ನು ವಿವರಿಸುತ್ತದೆ, ಎಷ್ಟನ್ನು ಹೊರಗೆ ಬಿಡುತ್ತದೆ? ‘ಸತ್ಯ’ ಎಂದರೆ ಕರುವಿನ ನಾಲ್ಕು ಪ್ರಶ್ನೆಗಳು ಹೊರಗುಳಿಯುತ್ತವೆ. ಆ ಹುಡುಗಿಯ ಒಂದು ಸಾಲು ಅವನ್ನು ಒಳಗೆ ತಂದಿತ್ತು. ಅವಳು ಬಿಟ್ಟಿದ್ದು ಹುಲಿಯನ್ನು; ಅದಕ್ಕೆ ಅರ್ಧ ಅಂಕ ಕಳೆಯಬಹುದಿತ್ತು.

ಒಂದೇ ಪದದಲ್ಲಿ ಆಶಯ ಹೇಳುವ ಚಟ ದೊಡ್ಡವರಲ್ಲೂ ಇದೆ. ಶಿವರಾಮ ಕಾರಂತರ ‘ಚೋಮನ ದುಡಿ’ 1933ರದು. ಅದರ ಆಶಯ ಏನೆಂದರೆ ‘ಅಸ್ಪೃಶ್ಯತೆ’ ಎಂದು ಹೇಳಿ ಕೈ ತೊಳೆದುಕೊಳ್ಳುತ್ತೇವೆ. ಅದು ವಸ್ತು. ಚೋಮನ ಬಳಿ ಎತ್ತುಗಳಿವೆ, ಉಳಲು ನೆಲವಿಲ್ಲ. ಅವನ ಹಟವೆಲ್ಲ ಬೇಸಾಯಗಾರನಾಗುವುದರ ಮೇಲೆ. ಆ ಹಟ ಎಲ್ಲೂ ದಾರಿ ಕಾಣದೆ ದುಡಿಯ ಸದ್ದಾಗುತ್ತದೆ. ಶೀರ್ಷಿಕೆಯಲ್ಲೇ ದುಡಿ ಇದೆ, ಆದರೂ ದುಡಿಯ ಬಗ್ಗೆ ಬರೆಯುವ ವಿದ್ಯಾರ್ಥಿ ಅಪರೂಪ.

ಹಾಗೆಂದು ಶೀರ್ಷಿಕೆಯನ್ನು ಪೂರಾ ನಂಬುವ ಹಾಗೂ ಇಲ್ಲ. ಪಂಪನ ಕಾವ್ಯದ ಹೆಸರು ‘ವಿಕ್ರಮಾರ್ಜುನವಿಜಯ’. ಆಶ್ರಯ ಕೊಟ್ಟ ಅರಸ, ವೇಮುಲವಾಡದ ಚಾಲುಕ್ಯ ಅರಿಕೇಸರಿಯನ್ನು ಅರ್ಜುನನಿಗೆ ಹೋಲಿಸಿ ಕವಿ ಬರೆದದ್ದು. 941ರ ಸುಮಾರಿನ ಮಾತು. ಹೆಸರೂ ಅರ್ಜುನನದು, ವಿಜಯವೂ ಅರ್ಜುನನದು. ಆದರೆ ಕರ್ಣ ಬಿದ್ದಾಗ ಪಂಪ ಹೇಳುವುದೇನು? ‘ನೆನೆಯದಿರಣ್ಣ ಭಾರತದೊಳಿನ್ ಪೆರರಾರುಮನ್.’ ಮಹಾಭಾರತದ ಕಥೆಯಲ್ಲಿ ಬೇರೆ ಯಾರನ್ನೂ ನೆನೆಯಬೇಡ, ನೆನೆಯುವುದಾದರೆ ಕರ್ಣನನ್ನು ನೆನೆ ಎನ್ನುತ್ತಾನೆ. ಒಂದೇ ಪದ್ಯದಲ್ಲಿ ಕರ್ಣ ಕರ್ಣ ಎಂದು ಜಪಿಸಿ ‘ಕರ್ಣರಸಾಯನಮಲ್ತೆ ಭಾರತಂ’ ಎಂದು ಮುಗಿಸುತ್ತಾನೆ. ಅರಸನಿಗೆ ಕೊಡಬೇಕಾದ್ದನ್ನು ಶೀರ್ಷಿಕೆಯಲ್ಲಿ ಕೊಟ್ಟು, ಮನಸ್ಸನ್ನು ಬೇರೆ ಕಡೆ ಇಟ್ಟ ಕವಿ. ಅಲ್ಲಿ ಹೊಗಳುವ ಗುಣಗಳಲ್ಲಿ ಕರ್ಣನ ‘ಕಡುನನ್ನಿ’ಯೂ ಒಂದು. ನನ್ನಿ ಎಂದರೆ ಸತ್ಯ. ಒಡಹುಟ್ಟಿದವರು ಯಾರೆಂದು ತಿಳಿದ ಮೇಲೂ ಕೊಟ್ಟ ಮಾತಿನ ಕಡೆಗೇ ನಿಂತವನು ಅವನು. ನಮ್ಮ ಹುಲಿ ಅರ್ಬುತನ ಕಥೆಗೆ ಇದು ತಿರುಗಾಮುರುಗಾ. ಇದರ ಬಗ್ಗೆಯೇ ಒಂದು ಸಂಚಿಕೆ ಮಾಡಬೇಕು, ಇರಲಿ.

ಲೆಕ್ಕದ ಪುಸ್ತಕದಲ್ಲಿ ಕೊನೆಯ ಪುಟವನ್ನು ಮರೆಯಬಾರದು. ಇದು ನನ್ನ ಕಂಡುಹಿಡಿತವಲ್ಲ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಕಾವ್ಯಮೀಮಾಂಸಕ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ಮಹಾಭಾರತದ ಮುಖ್ಯ ರಸ ಯಾವುದೆಂದು ಕೇಳಿಕೊಂಡ. ಅಷ್ಟೊಂದು ಯುದ್ಧ, ಅಷ್ಟೊಂದು ಬಾಣ; ಯಾರಾದರೂ ವೀರ ಎನ್ನುತ್ತಿದ್ದರು. ಅವನು ಶಾಂತ ಎಂದ. ಕಾರಣ? ಮುಕ್ತಾಯ. ಯಾದವರು ನಾಶವಾಗಿ, ಗೆದ್ದ ಪಾಂಡವರೂ ಎಲ್ಲ ಬಿಟ್ಟು ನಡೆದುಬಿಡುತ್ತಾರೆ. ವ್ಯಾಸ ಓದುಗರನ್ನು ತಂದು ನಿಲ್ಲಿಸುವುದು ವೈರಾಗ್ಯದಲ್ಲಿ. ನಮ್ಮ ಗೈಡುಗಳು ಬರೆಯುವ ‘ಆಶಯ’ಕ್ಕಿಂತ ಇದು ಎಷ್ಟೋ ಮೇಲು, ಏಕೆಂದರೆ ಅವನು ತನ್ನ ಆಧಾರವನ್ನು ಬೆರಳಿಟ್ಟು ತೋರಿಸುತ್ತಾನೆ.

ಗೋವಿನ ಹಾಡು ಎಲ್ಲಿ ಮುಗಿಯುತ್ತದೆ? ಹುಲಿ ಸತ್ತಲ್ಲಿ ಎಂದು ನಾನೂ ತರಗತಿಯಲ್ಲಿ ಪುಸ್ತಕ ಮುಚ್ಚುತ್ತಿದ್ದೆ. ಹಾಡು ಇನ್ನೂ ಮುಂದಿದೆ. ಪುಣ್ಯಕೋಟಿ ಹಟ್ಟಿಗೆ ಮರಳಿ, ಗೊಲ್ಲನನ್ನು ಕರೆದು, ನನ್ನ ವಂಶದ ಗೋವುಗಳೂ ನಿನ್ನ ವಂಶದ ಗೊಲ್ಲರೂ ಪ್ರತಿ ಸಂಕ್ರಾಂತಿಗೆ ಕೃಷ್ಣನನ್ನು ಭಜಿಸಿರಿ ಎನ್ನುತ್ತಾಳೆ. ಎರಡು ವಂಶ, ಒಂದು ಹಬ್ಬ. ಆದರೆ ಅದನ್ನು ಹೇಳುವ ಮೊದಲು ಅವಳು ಇನ್ನೊಂದು ಕೆಲಸ ಮಾಡುತ್ತಾಳೆ. ಬೇಗಬೇಗ ಕರುವಿಗೆ ಮೊಲೆಯುಣಿಸುತ್ತಾಳೆ. ‘ಯಾರ ಮೊಲೆಯನು ಕುಡಿಯಲಮ್ಮ’ ಎಂದು ಕರು ಕೇಳಿತ್ತಲ್ಲ.