ಸಭೆಯಲ್ಲಿ ನಿಂತು ಕೇಳಿದವಳು

ಕೇಳುಗರೆಲ್ಲರಿಗೂ ನಮಸ್ಕಾರ.

ದೀಪಾವಳಿ ಪಾಡ್ಯ ನಮ್ಮ ಕಡೆ ಹಟ್ಟಿ ಹಬ್ಬ. ಆ ದಿನ ನಸುಕಿನಲ್ಲೇ ಎದ್ದು ನಮ್ಮ ಆಯಿ, ಅಂದರೆ ಅಜ್ಜಿ, ಅಂಗಳ ಸಾರಿಸಿ, ಸೆಗಣಿಯಿಂದ ಪಾಂಡವರನ್ನು ಮಾಡುತ್ತಿದ್ದಳು. ಉತ್ತರಾಣಿ ಕಡ್ಡಿ, ಚೆಂಡು ಹೂವು ಸಿಗಿಸಿ ಹೊಸ್ತಿಲ ಬದಿಗೆ ಸಾಲಾಗಿ ಕೂರಿಸುತ್ತಿದ್ದಳು. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಎಣಿಸುತ್ತಿದ್ದೆ. ಒಂದು ವರ್ಷ ಕೇಳಿದೆ: "ಆಯಿ, ಐದ ಮಂದಿ ಆದ್ರು. ದ್ರೌಪದಿ ಎಲ್ಲಿ?"

ಆಯಿ ಕೈಯಲ್ಲಿದ್ದ ಸೆಗಣಿಯನ್ನು ಹಾಗೇ ಹಿಡಿದು ನನ್ನ ಕಡೆ ತಿರುಗಿದಳು. "ಆಕಿನ್ನ ಹೆಂಗ ಕುಂದ್ರಸೂದವಾ? ಆಕಿ ಕುಂದ್ರಾಕಿ ಅಲ್ಲ. ತುಂಬಿದ ಸಭಾದಾಗ ನಿಂತು ಮಾತಾಡಿದಾಕಿ."

ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಶ್ರಾವಣದಲ್ಲಿ ಊರ ಗುಡಿಯಲ್ಲಿ ಗದುಗಿನ ಭಾರತ ಓದಿಸುತ್ತಿದ್ದರು. ಕಂಬದ ಮರೆಗೆ ಕೂತು ಕೇಳಿಸಿಕೊಂಡದ್ದೇ ಅವಳ ಓದು. ನಾನು ಮುಂದೆ ಗದಗಿನಲ್ಲಿ ಕನ್ನಡ ಶಿಕ್ಷಕಿಯಾದೆ. ವೀರನಾರಾಯಣನ ಗುಡಿಗೆ ಹತ್ತಿರವೇ ನಮ್ಮ ಮನೆ. ಕೋಳಿವಾಡದ ನಾರಣಪ್ಪ, ನಮ್ಮ ಕುಮಾರವ್ಯಾಸ, ಒದ್ದೆ ಬಟ್ಟೆಯುಟ್ಟು ಆ ಗುಡಿಯ ಕಂಬಕ್ಕೆ ಒರಗಿ ಭಾರತದ ಹತ್ತು ಪರ್ವಗಳನ್ನು ಹಾಡಿದನೆಂದು ನಮ್ಮ ಜನ ಇಂದಿಗೂ ಆ ಕಂಬವನ್ನು ತೋರಿಸುತ್ತಾರೆ. ಅಷ್ಟು ಹತ್ತಿರವಿದ್ದೂ, ತರಗತಿಯಲ್ಲಿ ಎಷ್ಟೋ ವರ್ಷ ನಾನು ಮಕ್ಕಳಿಗೆ ಹೇಳಿದ್ದು ಅಳುವ ದ್ರೌಪದಿಯ ಕಥೆಯನ್ನೇ. ಸೀರೆ ಸೆಳೆದರು, ಕೃಷ್ಣಾ ಎಂದು ಕೂಗಿದಳು, ಸೀರೆ ಬೆಳೆಯಿತು. ಗಂಟೆ ಹೊಡೆಯಿತು, ಪಾಠ ಮುಗಿಯಿತು. ಆಯಿ ಹೇಳಿದ ದ್ರೌಪದಿಯನ್ನು ನಾನು ಬಹಳ ತಡವಾಗಿ ಓದಿಕೊಂಡೆ.

ಆ ಭಾಗವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಜೂಜಿನಲ್ಲಿ ಎಲ್ಲವೂ ಹೋಗಿದೆ. ದ್ರೌಪದಿಯನ್ನು ಕರೆತರಲು ಪ್ರಾತಿಕಾಮಿ ಎಂಬ ಸೂತ ಅಂತಃಪುರಕ್ಕೆ ಬರುತ್ತಾನೆ. ಅವಳು ಅವನೊಡನೆ ಹೊರಡುವುದಿಲ್ಲ. ಹಿಂದಿರುಗಿ ಹೋಗು, ಆ ಜೂಜುಗಾರನನ್ನು ಸಭೆಯಲ್ಲೇ ಕೇಳು ಎನ್ನುತ್ತಾಳೆ: ನೀನು ಮೊದಲು ಸೋತದ್ದು ನಿನ್ನನ್ನೋ, ನನ್ನನ್ನೋ?

ಎಂಥ ಪ್ರಶ್ನೆ ನೋಡಿ. ತನ್ನನ್ನೇ ಸೋತು ದಾಸನಾದವನಿಗೆ ಇನ್ನೊಬ್ಬರನ್ನು ಪಣಕ್ಕೆ ಒಡ್ಡುವ ಅಧಿಕಾರ ಎಲ್ಲಿಂದ ಬಂತು? ಆ ಗಳಿಗೆಯಲ್ಲೂ ಆಕೆ ದಯೆ ಬೇಡಲಿಲ್ಲ, ನ್ಯಾಯ ಕೇಳಿದಳು. ಧರ್ಮರಾಯನ ಬಾಯಿಂದ ಉತ್ತರ ಬರಲಿಲ್ಲ. ಆಮೇಲೆ ಮುಡಿ ಹಿಡಿದು ಎಳೆದು ತಂದಾಗಲೂ ಆಕೆ ಸಭೆಗೆ ಅದೇ ಪ್ರಶ್ನೆಯನ್ನಿಟ್ಟಳು. ಭೀಷ್ಮರು ಧರ್ಮ ಬಹಳ ಸೂಕ್ಷ್ಮ ಎಂದು ಜಾರಿಕೊಂಡರು. ಕೌರವರ ನೂರು ಮಂದಿಯಲ್ಲಿ ಎದ್ದು ನಿಂತು ಇದು ತಪ್ಪು ಎಂದವನು ವಿಕರ್ಣ ಒಬ್ಬನೇ. ಹುಡುಗುಬುದ್ಧಿಯವನು ಎಂದು ಅವನನ್ನೂ ಗದರಿಸಿ ಕೂರಿಸಿದರು. ಆ ಪ್ರಶ್ನೆಗೆ ಆ ಸಭೆಯಲ್ಲಿ ಕೊನೆಯವರೆಗೂ ಉತ್ತರ ಸಿಗಲಿಲ್ಲ. ನನಗೇನೋ ಇಡೀ ಹದಿನೆಂಟು ದಿನಗಳ ಯುದ್ಧ ಆ ಸಿಗದ ಉತ್ತರದಿಂದಲೇ ಹುಟ್ಟಿತು ಅನಿಸುತ್ತದೆ.

ಇನ್ನು ವರಗಳ ಮಾತು. ಹೆದರಿದ ಧೃತರಾಷ್ಟ್ರ ವರ ಕೇಳು ಎಂದ. ಮೊದಲನೆಯದಾಗಿ ಆಕೆ ಧರ್ಮರಾಯನ ಬಿಡುಗಡೆ ಕೇಳಿದಳು, ತನ್ನ ಮಗ ಪ್ರತಿವಿಂಧ್ಯನನ್ನು ಯಾರೂ ದಾಸನ ಮಗ ಎನ್ನಬಾರದು ಎಂದು. ಎರಡನೆಯದಾಗಿ ಉಳಿದ ನಾಲ್ವರನ್ನು, ಅವರ ರಥ ಆಯುಧಗಳ ಸಮೇತ. ಇನ್ನೂ ಒಂದು ಕೇಳು ಎಂದ ಮುದುಕ. ಬೇಡ ಎಂದಳು. ಲೋಭ ಧರ್ಮವನ್ನು ಕೆಡಿಸುತ್ತದೆ, ಇವರು ಸ್ವತಂತ್ರರಾದರು, ಉಳಿದದ್ದನ್ನು ತಮ್ಮ ಒಳ್ಳೆಯ ಕೆಲಸದಿಂದ ತಾವೇ ಗಳಿಸಿಕೊಳ್ಳುತ್ತಾರೆ ಎಂದಳು. ಅದೇ ಸಭೆಯಲ್ಲಿ ಆಕೆಯನ್ನು ಹೀನಾಯವಾಗಿ ಬೈದಿದ್ದ ಕರ್ಣನೇ, ಮುಳುಗುತ್ತಿದ್ದ ಪಾಂಡವರಿಗೆ ಈಕೆ ದಡ ಮುಟ್ಟಿಸುವ ದೋಣಿಯಾದಳು ಎನ್ನಬೇಕಾಯಿತು. ಮೂರನೇ ವರ ಬೇಡವೆಂದದ್ದನ್ನು ಹೆಣ್ಣು ಕಡಿಮೆ ಕೇಳಬೇಕು ಎಂಬ ಅರ್ಥಕ್ಕೆ ತಿರುಗಿಸುವವರಿದ್ದಾರೆ. ನನಗೆ ಆ ಅರ್ಥ ಒಪ್ಪಿಗೆಯಿಲ್ಲ. ಕಸಿದುಕೊಂಡವನ ಕೈಯಿಂದ ಹಕ್ಕನ್ನು ಹಿಂದಕ್ಕೆ ಪಡೆದಳು, ಭಿಕ್ಷೆಯನ್ನು ಅವನ ಕೈಯಲ್ಲೇ ಬಿಟ್ಟಳು.

ಸೀತೆಯನ್ನೂ ನಾವು ಹೀಗೇ ತಾಳ್ಮೆಯ ಮೂರ್ತಿ ಮಾಡಿ ಕೂರಿಸಿಬಿಟ್ಟಿದ್ದೇವೆ. ವಾಲ್ಮೀಕಿಯ ಅರಣ್ಯಕಾಂಡದಲ್ಲಿ ದಂಡಕಾರಣ್ಯದ ದಾರಿ ನಡೆಯುತ್ತ ಆಕೆ ರಾಮನಿಗೆ ಹೇಳುವ ಮಾತು ಕೇಳಿದರೆ ಆ ಮೂರ್ತಿಗೆ ಜೀವ ಬರುತ್ತದೆ. ಆಸೆಯಿಂದ ಮೂರು ಕೇಡು ಹುಟ್ಟುತ್ತವೆ: ಸುಳ್ಳು, ಪರಸ್ತ್ರೀ ವ್ಯಾಮೋಹ, ವೈರವಿಲ್ಲದೆ ಮಾಡುವ ಹಿಂಸೆ. ಮೊದಲಿನ ಎರಡೂ ನಿನ್ನಲ್ಲಿಲ್ಲ, ಮೂರನೆಯದು ನಿನ್ನ ಹತ್ತಿರ ಬರುತ್ತಿದೆ ಎನ್ನುತ್ತಾಳೆ. ಒಬ್ಬ ತಪಸ್ವಿಯ ಕಥೆಯನ್ನೂ ಹೇಳುತ್ತಾಳೆ. ಇಂದ್ರ ಸೈನಿಕನ ವೇಷದಲ್ಲಿ ಬಂದು ಅವನಲ್ಲಿ ಒಂದು ಕತ್ತಿಯನ್ನು ಒತ್ತೆಯಿಟ್ಟು ಹೋದ. ಹಣ್ಣು ಗೆಡ್ಡೆ ತರಲು ಹೋದಾಗಲೂ ತಪಸ್ವಿ ಅದನ್ನು ಹಿಡಿದೇ ಓಡಾಡಿದ. ಹಿಡಿದೂ ಹಿಡಿದೂ ಕ್ರೂರಿಯಾದ. ಗಂಡನ ಕೈಯಲ್ಲಿ ಬಿಲ್ಲಿರುವಾಗ, ಕಾಡಿನ ನಡುವೆ, ಹೆಂಡತಿ ಆಡಿದ ಮಾತು ಇದು. ರಾಮ ಸಿಟ್ಟಾಗಲಿಲ್ಲ. ಋಷಿಗಳಿಗೆ ಮಾತು ಕೊಟ್ಟಿದ್ದೇನೆ ಎಂದ, ಆದರೆ ನೀನು ಪ್ರೀತಿಯಿಂದ ಸರಿಯಾದದ್ದನ್ನೇ ಹೇಳಿದೆ ಎಂದ. ಮನೆಯಲ್ಲಿ ಹೆಂಡತಿ ಎದುರು ಮಾತಾಡಿದರೆ ಸಂಸಾರ ಕೆಡುತ್ತದೆ ಅನ್ನುವವರು ಈ ಭಾಗವನ್ನು ಒಮ್ಮೆಯಾದರೂ ಓದಬೇಕು.

ಭಾರತದ ಗಾಂಧಾರಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಳು. ಆದರೂ ಗೆಲುವು ಹರಸು ಎಂದು ದುರ್ಯೋಧನ ಬಂದು ನಿಂತಾಗಲೆಲ್ಲ, ಧರ್ಮವಿದ್ದಲ್ಲಿ ಗೆಲುವು ಎಂದಷ್ಟೇ ಹೇಳಿದಳು. ಹೆತ್ತ ಮಗನಿಗೆ ಸುಳ್ಳು ಹರಕೆ ಕೊಡಲಿಲ್ಲ.

ಗಾಂಧಾರಿ ಎಂದ ಕೂಡಲೇ ನನಗೆ ನಮ್ಮ ಹುಬ್ಬಳ್ಳಿಯ ಇನ್ನೊಬ್ಬ ಗಾಂಧಾರಿ ನೆನಪಾಗುತ್ತಾರೆ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಆ ಮಗುವಿಗೆ ಮನೆಯವರು ಇಟ್ಟ ಹೆಸರು ಗಾಂಧಾರಿ. ಮೊದಮೊದಲ ಗ್ರಾಮಾಫೋನ್ ತಟ್ಟೆಗಳೂ ಅದೇ ಹೆಸರಿನಲ್ಲಿ ಬಂದವು. ನಾವು ಬಲ್ಲದ್ದು ಗಂಗೂಬಾಯಿ ಹಾನಗಲ್ ಎಂದು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದೂಸ್ತಾನಿ ದನಿಗೆ ತನ್ನ ದಾಟಿ ತಾಗಬಾರದೆಂದು ತಾವು ಹಾಡುವುದನ್ನೇ ನಿಲ್ಲಿಸಿದರು. ಹಾಡುವವಳಿಗೆ ಹಾಡು ಬಿಡುವುದೆಂದರೆ ಎಂಥದ್ದು, ಯೋಚಿಸಿ.

ಧಾರವಾಡದ ಶುಕ್ರವಾರಪೇಟೆಯಲ್ಲಿ ಮಡಿವಂತರ ಮನೆಗಳ ನಡುವೆ ಬೆಳೆದ ಹುಡುಗಿ ಜಾತಿಯ ಕಾರಣಕ್ಕೆ ಉಂಡ ಅವಮಾನ ಸಣ್ಣದಲ್ಲ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಸ್ವಾಗತ ಗೀತೆ ಹಾಡಿದ ಮಕ್ಕಳಲ್ಲಿ ಆಕೆಯೂ ಒಬ್ಬರು. ಊಟವಾದ ಮೇಲೆ ತನ್ನ ಎಲೆ ತಾನೇ ಎತ್ತು ಎನ್ನುತ್ತಾರೇನೋ ಎಂದು ಆ ಎಳೆಯ ಮನಸ್ಸು ಅಂಜಿತ್ತು. ಅದನ್ನು ಮುಂದೆ ತಾವೇ ಹೇಳಿಕೊಂಡರು. ಆಮೇಲೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲು ಹತ್ತಿ ಸವಾಯಿ ಗಂಧರ್ವರ ಬಳಿ ಪಾಠ, ರಾತ್ರಿ ಮತ್ತೆ ರೈಲಿನಲ್ಲಿ ಮನೆಗೆ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ದನಿ ಒಡೆದು ದಪ್ಪವಾಯಿತು. ಬೇರೆ ಯಾರಾದರೂ ತಂಬೂರಿ ಗೋಡೆಗೆ ಒರಗಿಸಿಬಿಡುತ್ತಿದ್ದರು. ಅವರು ಆ ದಪ್ಪ ದನಿಯಲ್ಲೇ ರಾಗವನ್ನು ಎತ್ತಿ ನಿಲ್ಲಿಸಿದರು. ನಮ್ಮ ಮನೆಗೆ ರೇಡಿಯೋ ಬಂದ ಹೊಸತರಲ್ಲಿ ಅವ್ವ ಅವರ ಹಾಡು ಕೇಳಿ "ಯಾರವಾ ಇಂವಾ, ಎದೀ ತುಂಬಿ ಹಾಡ್ತಾನ" ಎಂದಿದ್ದಳು. ಹೆಣ್ಣುಮಗಳು ಎಂದು ತಿಳಿದ ಮೇಲೆ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು ರೇಡಿಯೋ ಮುಂದೆ ಕೂತಳು.

2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ಅವರು ತೀರಿಕೊಂಡರು. ಹೋಗುವಾಗ ಕಣ್ಣುಗಳನ್ನು ದಾನ ಮಾಡಿ ಹೋದರು. ಗಾಂಧಾರಿ ಎಂದು ಹೆಸರು ಪಡೆದಿದ್ದ ಹೆಣ್ಣು ತನ್ನ ಕಣ್ಣನ್ನು ಇನ್ನೊಬ್ಬರ ಬೆಳಕಿಗೆ ಕೊಟ್ಟಳು. ಇದನ್ನು ಹೇಳುವಾಗ ಇಂದಿಗೂ ನನ್ನ ಗಂಟಲು ಕಟ್ಟುತ್ತದೆ.

ಗದಗಿನಿಂದ ಕೊಪ್ಪಳದ ದಾರಿ ಹಿಡಿದರೆ ಸ್ವಲ್ಪ ಹೊತ್ತಿಗೇ ಲಕ್ಕುಂಡಿ. ಅಲ್ಲಿಯ ಬಸದಿಯನ್ನು 1007ರಲ್ಲಿ ಕಟ್ಟಿಸಿದವಳು ಅತ್ತಿಮಬ್ಬೆ. ಗಂಡ ನಾಗದೇವ ಯುದ್ಧದಲ್ಲಿ ಮಡಿದಾಗ ತಂಗಿ ಗುಂಡಮಬ್ಬೆ, ಆಕೆಯೂ ನಾಗದೇವನ ಹೆಂಡತಿಯೇ, ಸಹಗಮನ ಮಾಡಿದಳು. ಅತ್ತಿಮಬ್ಬೆ ಬದುಕಿದಳು. ಮಗ ಅಣ್ಣಿಗದೇವನನ್ನು ಬೆಳೆಸಿದಳು. ರನ್ನನಿಗೆ ಆಶ್ರಯ ಕೊಟ್ಟಳು. ಪೊನ್ನನ ಶಾಂತಿಪುರಾಣ ಕಳೆದುಹೋಗಬಾರದೆಂದು ಅದರ 1000 ಪ್ರತಿ ಬರೆಸಿ ಹಂಚಿದಳು. ಅಚ್ಚಿನ ಯಂತ್ರ ಇಲ್ಲದ ಕಾಲ. ಓಲೆಗರಿಯ ಮೇಲೆ ಕಂಟದಿಂದ ಒಂದೊಂದೇ ಅಕ್ಷರ ಕೊರೆದು ಸಾವಿರ ಪುಸ್ತಕ! ಆ ದಿನ ಆಕೆಯೂ ಚಿತೆ ಏರಿದ್ದರೆ ಹೊಗಳಿ ಒಂದು ಕಲ್ಲು ನೆಡುತ್ತಿದ್ದರು. ಬದುಕಿದ್ದಕ್ಕೆ ಕನ್ನಡಕ್ಕೆ ಒಂದು ಕಾವ್ಯ ಉಳಿಯಿತು. ತರಗತಿಯ ಹೆಣ್ಣುಮಕ್ಕಳನ್ನು ಲಕ್ಕುಂಡಿಗೆ ಕರೆದೊಯ್ದಾಗಲೆಲ್ಲ ಈ ಮಾತನ್ನು ಎರಡೆರಡು ಸಲ ಹೇಳುತ್ತಿದ್ದೆ.

ಈಗಿನ ಸಭೆಗಳಿಗೆ ಬರೋಣ. ನಮ್ಮ ರಾಜ್ಯದ 1983ರ ಕಾಯ್ದೆ ಪಂಚಾಯತಿಗಳಲ್ಲಿ ಹೆಣ್ಣುಮಕ್ಕಳಿಗೆ ನೂರಕ್ಕೆ 25 ಸ್ಥಾನ ಕೊಟ್ಟಿತು. ಸಂವಿಧಾನದ 73ನೇ ತಿದ್ದುಪಡಿ ಮೂರರಲ್ಲೊಂದು ಪಾಲನ್ನು ದೇಶಕ್ಕೆಲ್ಲ ಹಾಸಿತು. 2010ರಲ್ಲಿ ಕರ್ನಾಟಕ ಅದನ್ನು ಅರ್ಧಕ್ಕೆ ಏರಿಸಿತು. ಕುರ್ಚಿ ಬಂತು. ಆದರೆ ಸದಸ್ಯೆಯ ಬದಲು ಗಂಡನೋ ಮೈದುನನೋ ಬಂದು ಕೂರುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಆಕೆ ಮನೆಯಲ್ಲಿ ಸಹಿ ಮಾಡುತ್ತಾಳೆ, ಠರಾವು ಇವನು ಓದುತ್ತಾನೆ. ಸಭೆಗೆ ಹೋಗದೆ ಸಹಿ ಮಾಡಬೇಡಿ ತಂಗಿಯರೇ. ಏನೂ ತಿಳಿಯದಿದ್ದರೂ ಹೋಗಿ ಕೂಡಿ, ಕೂತಲ್ಲೇ ಕಲಿಯುತ್ತೀರಿ. ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬ ಲೆಕ್ಕ ನಿಮಗಿಂತ ಚೆನ್ನಾಗಿ ಆ ಸಭೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಪಂಚಾಯತಿಗಿಂತ ಕಠಿಣವಾದ ಸಭೆ ಇನ್ನೊಂದಿದೆ. ಅದು ತವರಿನ ಪಡಸಾಲೆ.

ನಮ್ಮ ಅಪ್ಪ ತೀರಿಕೊಂಡ ವರ್ಷ ನಾಗರ ಪಂಚಮಿಗೆ ನಾನು, ತಂಗಿ ಇಬ್ಬರೂ ಊರಿಗೆ ಹೋಗಿದ್ದೆವು. ಅವ್ವ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿದ್ದಳು. ಊಟವಾದ ಮೇಲೆ ಅಣ್ಣ ಒಂದು ಕಾಗದ ತಂದು ಮುಂದಿಟ್ಟ. ಹೊಲದ ಮೇಲಿನ ಹಕ್ಕು ಬಿಟ್ಟುಕೊಟ್ಟಿದ್ದೇವೆ ಎಂಬ ಪತ್ರ. ಅಣ್ಣ ಕೆಟ್ಟವನಲ್ಲ. ಊರಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದ. ಪಂಚಮಿಗೆ ಕರೆಯುವ ಅಣ್ಣ ಇರಲಿ, ಹೊಲ ಯಾಕೆ ಎಂದು ಸಾವಿರ ಅಕ್ಕತಂಗಿಯರು ಕಣ್ಣುಮುಚ್ಚಿ ಹೆಬ್ಬೆಟ್ಟು ಒತ್ತಿದ್ದಾರೆ. ಕಾನೂನು ಬೇರೆಯೇ ಹೇಳುತ್ತಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಹೆಂಡತಿಯೂ ಮಗಳೂ ವಾರಸುದಾರರು. 1994ರಲ್ಲಿ ನಮ್ಮ ರಾಜ್ಯ, ಆಗಿನ್ನೂ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮ ಪಾಲು ಕೊಟ್ಟಿತು. 2005ರಲ್ಲಿ ಇಡೀ ದೇಶಕ್ಕೆ ಆ ಹಕ್ಕು ಬಂತು. ಅದು ಹುಟ್ಟಿನಿಂದಲೇ ಬಂದ ಹಕ್ಕು, ತಂದೆ ಆ ದಿನ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಹೇಳಿತು. ಇಷ್ಟೆಲ್ಲ ಓದಿಕೊಂಡಿದ್ದ ಶಿಕ್ಷಕಿ ನಾನು. ಆದರೂ ಆ ದಿನ ಪೆನ್ನು ಕೈಗೆ ತೆಗೆದುಕೊಂಡಿದ್ದೆ.

ತಂಗಿ ತೆಗೆದುಕೊಳ್ಳಲಿಲ್ಲ. ಕಾಗದವನ್ನು ಪೂರ್ತಿ ಓದಿದಳು. "ಅಣ್ಣಾ, ಇದರಾಗ ಅವ್ವನ ಹೆಸರು ಎಲ್ಲೈತಿ?" ಎಂದಳು.

ಪಡಸಾಲೆಯಲ್ಲಿ ಕಾಕಾ ಇದ್ದರು, ಊರ ಹಿರಿಯರಿಬ್ಬರಿದ್ದರು. ಯಾರೂ ಮಾತಾಡಲಿಲ್ಲ. ಕಾಕಾ ಗೋಡೆಯ ಮೇಲಿನ ಅಪ್ಪನ ಫೋಟೋ ನೋಡಿದರು. "ಅವ್ವಗ ಯಾಕಬೇಕ, ನಾ ನೋಡ್ಕೋತೇನಿಲ್ಲೇನು" ಎಂದ ಅಣ್ಣ. "ನೋಡ್ಕೋತಿ ಅಣ್ಣಾ, ನಂಗೊತ್ತು. ಆದ್ರ ನಲವತ್ತ ವರ್ಷ ಆಕಿ ಆ ಹೊಲದಾಗ ಕಳೆ ಕಿತ್ತಾಳ. ಆಕಿ ಹೆಸರ ಇಲ್ಲದ ಕಾಗದಕ್ಕ ನಾ ಸಹಿ ಹೆಂಗ ಮಾಡ್ಲಿ?" ದನಿ ಏರಿಸಲಿಲ್ಲ. ಅಳಲೂ ಇಲ್ಲ. ಅಣ್ಣ ರೊಕ್ಕ ಕೊಡುತ್ತೇನೆಂದ. "ರೊಕ್ಕ ಬ್ಯಾಡ. ಹೊಲದ ಉತಾರದಾಗ, ಪಹಣ್ಯಾಗ, ಹೆಸರು ಬರ್ಲಿ" ಎಂದಳು.

ನಾನು ಪೆನ್ನಿನ ಟೊಪ್ಪಿಗೆ ಹಾಕಿದೆ. ಅಣ್ಣ ಕಾಗದ ಮಡಚಿ ಒಳಗೆ ಹೋದ. ಆ ಸಂಜೆ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಬೇವಿನ ಮರಕ್ಕೆ ಕಟ್ಟಿದ್ದ ಜೋಕಾಲಿಯಲ್ಲಿ ಮಕ್ಕಳು ಮಾತ್ರ ಜೀಕುತ್ತಿದ್ದರು.

ದಸರೆ ಕಳೆದ ಮೇಲೆ ಅಣ್ಣನೇ ತಲಾಠಿಯ ಬಳಿ ಹೋಗಿ ಬಂದ. ಹೊಸ ಉತಾರ ತಂದು ಅವ್ವನ ಕೈಗೆ ಕೊಟ್ಟ. ಅದರಲ್ಲಿ ಅವ್ವನ ಹೆಸರು, ಅಣ್ಣನ ಹೆಸರು, ನಮ್ಮಿಬ್ಬರ ಹೆಸರು. ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನ ಕಡೆ ಚಾಚಿದಳು.

"ಓದವಾ."

ಓದಿದೆ. ಅವಳ ಹೆಸರು, ಮುಂದೆ ಅಪ್ಪನ ಹೆಸರು, ಅಡ್ಡಹೆಸರು. ಕಾಗದದಲ್ಲಿ ಇದ್ದ ಹಾಗೆಯೇ.

"ಇನ್ನೊಮ್ಮೆ ಓದು. ಬರೇ ನಂದು."

ಓದಿದೆ.

ನಮಸ್ಕಾರ.